ಟೀಚರಮ್ಮನ ಸ್ಟೇಷನ್

ಮಧ್ಯಾಹ್ನ ಹಿಡಿದ ಮಳೆ ಕತ್ತಲಾಗುತ್ತ ಬಂದರೂ ಬಿಟ್ಟಿರಲಿಲ್ಲ. ಕೇಬಲ್ ತಂತಿ ಎಲ್ಲೋ ಹರಿದು ಬಿದ್ದು ಬೀದಿಯ ಟೀವಿಗಳೆಲ್ಲ ಒಂದೇ ಸಲ ಕಣ್ಣು ಮುಚ್ಚಿದ್ದವು. ಧಾರಾವಾಹಿ ತಪ್ಪಿಹೋದ ಸಂಕಟಕ್ಕೆ ಜನ ಬಾಗಿಲಿಗೆ ಬಂದು ನಿಂತಾಗ, ಹೊಲಿಗೆ ಅಜ್ಜಿ ತನ್ನ ಅಂಗಡಿಯಿಂದಲೇ ಕೂಗಿ ಎಲ್ಲರನ್ನೂ ಒಳಗೆ ಕರೆದಳು. ಕತ್ತರಿಸಿದ ಬಟ್ಟೆಯ ರಾಶಿ ಮೂಲೆಗೆ ಸರಿಯಿತು. ಕುರ್ಚಿ ಸಿಗದವರು ಹೊಲಿಗೆ ಯಂತ್ರಗಳ ನಡುವೆ ನೆಲದ ಮೇಲೇ ಕೂತರು. ಅಜ್ಜಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

"ಟೀವಿ ಇಲ್ಲ ಅಂತ ಹೀಗೆ ಮುಖ ಬಾಡಿಸ್ಕೊಂಡ್ರೆ ಹೇಗೆ? ನಮ್ಮತ್ತಿಗೆ ಕೇಬಲ್ಲನ್ನ ಕೈಯಾರೆ ಕಿತ್ತು ಬಿಸಾಕಿದ್ಲು, ಗೊತ್ತಾ? ಆಮೇಲೆ ಅವಳ ಮನೇಲಿ ಏನು ಕೇಳಿಸ್ತು ಅಂತ ಹೇಳ್ತೀನಿ... ದೆವ್ವ ಅನ್ನೋದಾದ್ರೆ ಅನ್ನಿ. ನನಗೆ ಅದಕ್ಕೆ ಬೇರೆ ಹೆಸರು ಗೊತ್ತಿಲ್ಲ."

ಅತ್ತಿಗೆ ಎಂದರೆ ಅಜ್ಜಿಯ ಅಣ್ಣನ ಹೆಂಡತಿ. ಅಣ್ಣ ಲಿಫ್ಟ್ ರಿಪೇರಿ ಮಾಡುವವನು, ಅತ್ತಿಗೆ ಮನೆಯಲ್ಲೇ ಊರವರ ಬಟ್ಟೆಗೆ ಇಸ್ತ್ರಿ ಹಾಕುವವಳು. ಕೇಬಲ್ಲಿನವನು ಮೂರು ತಿಂಗಳಿಗೊಮ್ಮೆ ಬಾಡಿಗೆ ಏರಿಸುತ್ತಾನೆ, ತೋರಿಸುವುದು ಮಾತ್ರ ಹಳೇ ಸಿನಿಮಾ ಎಂದು ಒಂದು ದಿನ ಅತ್ತಿಗೆಗೆ ತಲೆ ಕೆಟ್ಟಿತು. ತಂತಿ ಕಿತ್ತು ಸುರುಳಿ ಸುತ್ತಿ ಅವನ ಕೈಗೇ ಕೊಟ್ಟುಬಿಟ್ಟಳು. ಎರಡು ದಿನ ಮನೆ ಭಣಗುಟ್ಟಿತು. ಅಷ್ಟರಲ್ಲಿ ಕೆಳಮಹಡಿಯ ಟೀಚರಮ್ಮನ ಮನೆ ಖಾಲಿ ಮಾಡುತ್ತಿದ್ದ ಬಂಧುಗಳು ಒಂದು ಹಳೇ ಶಾರ್ಟ್‌ವೇವ್ ರೇಡಿಯೋವನ್ನು ತೂತುಬಿದ್ದ ಬಕೆಟ್ಟುಗಳ ಜೊತೆ ಹೊರಗಿಟ್ಟರು. ಅಣ್ಣ ಅದನ್ನು ಕಂಕುಳಲ್ಲಿಟ್ಟುಕೊಂಡು ಮೇಲೆ ಬಂದ.

ಟೀಚರಮ್ಮ ತೀರಿಕೊಂಡು ಆಗಿನ್ನೂ ಒಂದು ತಿಂಗಳು. ಒಂಟಿ ಜೀವ, ಆದರೆ ಇಡೀ ಕಟ್ಟಡಕ್ಕೆ ಅವಳೇ ಸುದ್ದಿ ವಾಚಕಿ. ಮೆಟ್ಟಿಲ ಬುಡದಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, "ನೀರು ಬಂದಿದೆ. ಮೇಲಿನ ಮಹಡಿಯವರು ಗಮನಿಸಿ" ಎಂದರೆ ಮಲಗಿದ್ದ ಮಗುವೂ ಎದ್ದು ಕೂರಬೇಕು. ಯಾರನ್ನೂ ಹೆಸರಿಟ್ಟು ಕರೆದವಳಲ್ಲ. ಬೇಕರಿಯವರು, ಔಷಧಿ ಅಂಗಡಿಯವರು, ಲಿಫ್ಟಿನವರು, ಹೀಗೆ.

ಅಣ್ಣ ತಾರಸಿಯ ಮೇಲೆ ಬಟ್ಟೆ ಒಣಹಾಕುವ ಕಂಬದಿಂದ ನೀರಿನ ಟ್ಯಾಂಕಿನವರೆಗೆ ತಾಮ್ರದ ತಂತಿ ಎಳೆದ. ತುದಿಯನ್ನು ಕಿಟಕಿಯೊಳಗೆ ತಂದು ರೇಡಿಯೋಗೆ ಸಿಕ್ಕಿಸಿದ. ಅತ್ತಿಗೆ ಗುಂಡಿ ತಿರುಗಿಸಿದಳು... ಅಬ್ಬಾ, ಅದೇನು ಜಗತ್ತು! ಅರ್ಥವಾಗದ ಭಾಷೆಯಲ್ಲಿ ಯಾರೋ ನಗುತ್ತಿದ್ದರು. ಒಂದು ಕೂದಲೆಳೆ ಸರಿಸಿದರೆ ತುತ್ತೂರಿ, ಇನ್ನೊಂದು ಕೂದಲೆಳೆಗೆ ಹಡಗಿನವರಿಗೆ ಹವಾಮಾನ, ಅದರಾಚೆ ಯಾವುದೋ ದೂರದ ದೇಶದ ಹೆಂಗಸು ನಮ್ಮದೇ ಭಾಷೆಯಲ್ಲಿ, ಮಾತನ್ನು ಸ್ವಲ್ಪ ಓರೆಮಾಡಿಕೊಂಡು, ಬೆಳಗಿನ ಶುಭಾಶಯ ಹೇಳುತ್ತಿದ್ದಳು. ಕಾಸು ಕೇಳುವವರಿಲ್ಲ, ತಂತಿ ಕೀಳುವವರಿಲ್ಲ. ಇಸ್ತ್ರಿಗೆ ಬಟ್ಟೆ ಕೊಡಲು ಬಂದವರು ಫುಟ್‌ಬಾಲ್ ಪಂದ್ಯ ಮುಗಿಯುವ ತನಕ ಬಾಗಿಲಲ್ಲೇ ನಿಂತಿರುತ್ತಿದ್ದರು. ಅತ್ತಿಗೆಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ.

"ಆ ಸಂತೋಷದಲ್ಲೇ ಇರೋವಾಗ ಒಂದು ಮಧ್ಯಾಹ್ನ..." ಅಜ್ಜಿ ದನಿ ತಗ್ಗಿಸಿದಳು. ಹೊರಗೆ ಮಳೆ ಮಾತ್ರ ತಗ್ಗಲಿಲ್ಲ.

ಒಂದು ಮಧ್ಯಾಹ್ನ ಎರಡು ಸ್ಟೇಷನ್ನುಗಳ ನಡುವೆ, ಬರೀ ಗೊರಗೊರ ಇರಬೇಕಾದ ಜಾಗದಲ್ಲಿ, ಯಾರೋ ಗಂಟಲು ಸರಿಮಾಡಿಕೊಂಡ ಸದ್ದಾಯಿತು. ಆಮೇಲೆ ಸ್ಪಷ್ಟವಾದ ದನಿ: "ಇಂದು ಸಂಜೆಯಿಂದ ನಮ್ಮ ಜೊತೆ ಕೇಳಲು ಕೂರುವವರು, ಬೇಕರಿಯವರು. ಅವರಿಗೆ ಸ್ವಾಗತ. ಎಲ್ಲರೂ ಗಮನಿಸಿ."

ಅತ್ತಿಗೆಯ ಕೈಯಲ್ಲಿದ್ದ ಅಂಗಿ ಜಾರಿತು. ಆ 'ಗಮನಿಸಿ' ಯಾರದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ನೆನಪೇ ಕಿವಿಯಲ್ಲಿ ಆಟವಾಡಿರಬೇಕು ಎಂದು ಸಮಾಧಾನ ಮಾಡಿಕೊಂಡಳು. ಸಂಜೆ ಬ್ರೆಡ್ ತರಲು ಹೋದರೆ ಬೇಕರಿಯ ಬಾಗಿಲು ಹಾಕಿತ್ತು. ಒಲೆಯ ಮುಂದೆ ನಿಂತಿದ್ದವನು ನಿಂತಲ್ಲೇ ಕುಸಿದು ಪ್ರಾಣ ಬಿಟ್ಟನಂತೆ.

ಇನ್ನೊಂದು ದಿನ ಔಷಧಿ ಅಂಗಡಿಯವರಿಗೆ ಸ್ವಾಗತ ಸಿಕ್ಕಿತು. ಅತ್ತಿಗೆ ಓಡಿ ಹೋಗಿ, ಇವತ್ತು ಹುಷಾರಾಗಿರಿ ಎಂದು ಹೇಳಿ ಬಂದಳು. ಆತ ನಕ್ಕು, ಅವಳಿಗೇ ಒಂದು ತಲೆನೋವಿನ ಮಾತ್ರೆ ಕೊಟ್ಟು ಕಳಿಸಿದ. ದೀಪ ಹಚ್ಚುವ ಹೊತ್ತಿಗೆ ಆತನಿರಲಿಲ್ಲ. ಅತ್ತಿಗೆ ಆ ಮಾತ್ರೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅತ್ತಳು. ಗಂಡನಿಗೆ ಹೇಳಿದರೆ, ರೇಡಿಯೋ ಜಾಸ್ತಿ ಕೇಳಬೇಡ ಎಂದುಬಿಟ್ಟ. ಕೇಳದೆ ಇರುವುದು ಹೇಗೆ? ಇವತ್ತು ಯಾರ ಸರದಿ ಎಂದು ಗೊತ್ತಾಗುವ ಜಾಗ ಅದೊಂದೇ. ಒಮ್ಮೆ ಗೊತ್ತಾದವರಿಗೆ ನಿದ್ದೆ ಬರುತ್ತದೆಯೇ?

ಹೀಗಿರುವಾಗಲೇ ಆ ದಿನ ಬಂತು. ಬಿಳಿ ಚಾದರವೊಂದನ್ನು ಹರಡಿ ನೀರು ಚಿಮುಕಿಸುತ್ತಿದ್ದಳು. ಗಂಟಲು ಸರಿಮಾಡಿಕೊಂಡ ಸದ್ದು. "ಇಂದು ಸಂಜೆಯಿಂದ ನಮ್ಮ ಜೊತೆ ಕೇಳಲು ಕೂರುವವರು, ಲಿಫ್ಟಿನವರು..."

'ಸ್ವಾಗತ' ಎನ್ನುವ ಮಾತು ಕೇಳಿಸಿಕೊಳ್ಳಲು ಅತ್ತಿಗೆ ಅಲ್ಲಿರಲಿಲ್ಲ. ಇಸ್ತ್ರಿಪೆಟ್ಟಿಗೆಯ ತಂತಿ ಎಳೆದು ಬಿಸಾಡಿ, ಬರಿಗಾಲಲ್ಲಿ ಮೆಟ್ಟಿಲಿಳಿದು, ಬಿಸಿಲಿಗೆ ಕಾದ ರಸ್ತೆಯಲ್ಲಿ ಓಡತೊಡಗಿದ್ದಳು. ಅಣ್ಣ ಆವತ್ತು ಮಾರುಕಟ್ಟೆಯಾಚೆಯ ದೊಡ್ಡ ಬಟ್ಟೆ ಅಂಗಡಿಯಲ್ಲಿ ಸರಕಿನ ಲಿಫ್ಟ್ ಕೆಟ್ಟಿದೆ ಎಂದು ಹೋಗಿದ್ದ. ತಳ್ಳುಗಾಡಿಗೆ ಡಿಕ್ಕಿ ಹೊಡೆದಳು, ಹಣ್ಣು ಉರುಳಿದವು, ಯಾರೋ ಬೈದರು. ಸೈಕಲ್ಲಿನವನೊಬ್ಬ ಇವಳನ್ನು ತಪ್ಪಿಸಲು ಹೋಗಿ ಚರಂಡಿಗಿಳಿದ. ತಲೆಗೂದಲು ಬಿಚ್ಚಿ, ಏದುಸಿರು ಬಿಡುತ್ತ ಬಂದ ಹೆಂಗಸನ್ನು ನೋಡಿ ಅಂಗಡಿಯ ಕಾವಲುಗಾರ ಕೈ ಅಡ್ಡ ಹಿಡಿದ. ಅತ್ತಿಗೆ ಅವನ ಕೈಯ ಕೆಳಗಿಂದ ನುಗ್ಗಿದಳು. ಸೀರೆಗಳ ಸಾಲು, ಕನ್ನಡಿಗಳ ಸಾಲು, ಹಿಂದಿನ ಗೋದಾಮು... ಕೊನೆಯಲ್ಲಿ ಲಿಫ್ಟಿನ ತೆರೆದ ಬಾಗಿಲು.

ಕೆಳಗೆ ಗುಂಡಿಯಲ್ಲಿ ಟಾರ್ಚ್ ಹಿಡಿದು ಕೂತಿದ್ದಾನೆ ಅಣ್ಣ. ಅವನ ತಲೆಯ ಮೇಲೆ, ಮೂರು ಮಹಡಿ ಎತ್ತರದಲ್ಲಿ, ಸರಕು ತುಂಬಿದ ಲಿಫ್ಟ್ ನೇತಾಡುತ್ತಿದೆ.

ಟೀಚರಮ್ಮ ಕರೆದಿದ್ದಾರೆ ಎಂದರೆ ಅವನು ಬರುತ್ತಾನೆಯೇ? ಇನ್ನೂ ಆಳಕ್ಕೆ ಕೂತು ನಗುತ್ತಾನೆ. ಆ ಕ್ಷಣದಲ್ಲಿ ಅತ್ತಿಗೆಯ ಬಾಯಿಗೆ ಬಂದದ್ದು ಒಂದೇ ಮಾತು.

"ನಿಮ್ಮ ತಂಗಿ ತಾರಸಿಯಿಂದ ಬಿದ್ದಿದ್ದಾಳೆ. ಬನ್ನಿ ಬೇಗ."

"ನೋಡಿ, ನಾನಿಲ್ಲಿ ತಣ್ಣಗೆ ಅಂಗಿ ಗುಂಡಿಗೆ ಕಾಜಾ ಹೊಲೀತಾ ಕೂತಿದ್ದೀನಿ, ಅಲ್ಲಿ ನನ್ನನ್ನ ತಾರಸಿಯಿಂದ ಬೀಳಿಸಿಬಿಟ್ಲು" ಎಂದು ಅಜ್ಜಿ ನಕ್ಕಳು. ಯಾರೂ ಜೊತೆಗೂಡಲಿಲ್ಲ.

ಅಣ್ಣ ಟಾರ್ಚನ್ನು ಅಲ್ಲೇ ಬಿಟ್ಟು ಏಣಿ ಹತ್ತಿದ. ಅವನ ಕಾಲು ನೆಲಕ್ಕೆ ತಾಗಿತೋ ಇಲ್ಲವೋ, ಮೇಲೆ ಉಕ್ಕಿನ ಹಗ್ಗ ಸಿಡಿದ ಶಬ್ದ... ಇಡೀ ಲಿಫ್ಟ್ ಅವರ ಕಣ್ಣ ಮುಂದೆಯೇ ಹಾದು ಹೋಗಿ ಗುಂಡಿಗೆ ಅಪ್ಪಳಿಸಿತು. ಗೋದಾಮಿನ ದೂಳು ಇಳಿಯುವವರೆಗೂ ಗಂಡ ಹೆಂಡತಿ ಒಬ್ಬರ ತೋಳನ್ನೊಬ್ಬರು ಹಿಡಿದು ನಿಂತಿದ್ದರು. ಕಾವಲುಗಾರ ನೀರು ತಂದುಕೊಟ್ಟರೆ ಕುಡಿಯುವುದು ಹೇಗೆಂಬುದೇ ಇಬ್ಬರಿಗೂ ಮರೆತುಹೋಗಿತ್ತು.

ಮನೆಗೆ ಬಂದರೆ ರೇಡಿಯೋ ಇನ್ನೂ ಗೊರಗುಟ್ಟುತ್ತಿತ್ತು. ಈ ಸಲ ಅಣ್ಣನೂ ಕೇಳಿದ. "ಇಂದು ಬರಬೇಕಾಗಿದ್ದವರು ಬರಲಿಲ್ಲ. ಮನೆಯವರು ಓಡಿ ಹೋಗಿ ತಡೆದರು. ಓಡುವಾಗ ಕಾಲಿಗೆ ಚಪ್ಪಲಿ ಇರಬೇಕು, ಗಮನಿಸಿ. ಲಿಫ್ಟಿನವರ ಜಾಗವನ್ನು ಹಾಗೆಯೇ ಇಟ್ಟಿರುತ್ತೇವೆ."

ಅಣ್ಣ ರೇಡಿಯೋವನ್ನು ಎತ್ತಿ ಕಿಟಕಿಯಾಚೆ ಎಸೆಯಹೋದ. ಅತ್ತಿಗೆ ಅಡ್ಡ ನಿಂತಳು. ಟೀಚರಮ್ಮ ತನಗೆ ಕೇಳಿಸಲೆಂದೇ ಓದುತ್ತಿದ್ದಾಳೆ ಎಂದು ಅವಳಿಗೆ ಆ ಗಳಿಗೆಯಲ್ಲಿ ಖಾತ್ರಿಯಾಗಿಹೋಗಿತ್ತು. ಅಲ್ಲಿಂದ ಮುಂದೆ ಅವಳು ಮಧ್ಯಾಹ್ನದ ಹೊತ್ತು ಮನೆ ಬಿಟ್ಟು ಕದಲಲಿಲ್ಲ. ಸ್ವಾಗತ ಸಿಕ್ಕವರ ಹಿಂದೆ ಓಡಿದಳು. ಕೆಲವರು ಬಾಗಿಲು ಹಾಕಿಕೊಂಡರು, ಕೆಲವರು ಉಗಿದರು, ಕೆಲವರು ಮಾತು ಕೇಳಿ ಬದುಕಿದರು. ಅಣ್ಣ ಮೊಮ್ಮಕ್ಕಳನ್ನು ಕಂಡು, ತಲೆ ಬೆಳ್ಳಗಾಗಿಸಿಕೊಂಡು, ಹಾಸಿಗೆಯ ಮೇಲೇ ನೆಮ್ಮದಿಯಾಗಿ ಹೋದ.

"ಅತ್ತಿಗೆ ಇದ್ದಾಳಾ?" ಎಂದು ಯಾರೋ ಮೆಲ್ಲಗೆ ಕೇಳಿದರು.

"ಇದ್ದಾಳೆ. ಈಗ ಓಡೋಕಾಗಲ್ಲ, ಫೋನ್ ಮಾಡ್ತಾಳೆ." ಅಜ್ಜಿ ಕನ್ನಡಕ ಹಾಕಿಕೊಂಡು ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿದಳು. "ಇವತ್ತು ಮಧ್ಯಾಹ್ನವೂ ಮಾಡಿದ್ಲು. ಮಳೆಗೆ ಬರೀ ಗೊರಗೊರ ಅಂತೆ, ಯಾರು ಅನ್ನೋದು ಕೇಳಿಸ್ಲಿಲ್ವಂತೆ. ಈ ಬೀದಿಯವರು ಅನ್ನೋದಷ್ಟೇ ಕೇಳಿಸ್ತಂತೆ... ಅದಕ್ಕೇ ನಿಮ್ಮನ್ನೆಲ್ಲ ಕೂಗಿ ಕರೆದದ್ದು. ಕೂತ್ಕೊಳ್ಳಿ. ಯಾರೂ ಏಳಬೇಡಿ."