ಚೀಲದಲ್ಲಿ ಹೊರಟ ಆಯಿಲ್ ಕೂಲರ್

ಗಾಂಧಿಬಜಾರಿನ ಬಸ್ ನಿಲ್ದಾಣದಲ್ಲಿ ಗಂಡ ಹೆಂಡತಿ ನನ್ನ ಪಕ್ಕ ಕೂತಿದ್ದರು. ಗಂಡನ ತೊಡೆಯ ಮೇಲಿನ ಬಟ್ಟೆಚೀಲದಿಂದ ಪುಟ್ಟ ಜಾಲರಿಯ ಪೆಟ್ಟಿಗೆಯೊಂದು ಇಣುಕುತ್ತಿತ್ತು. ಅಜ್ಜಿಯ ಕತೆ ಕೇಳಿ ಬೆಳೆದ ನಾನು ಅದನ್ನು ಗಿಣಿಯ ಪಂಜರವೆಂದೇ ಅಂದುಕೊಂಡಿದ್ದೆ.

“ಆಯಿಲ್ ಕೂಲರ್ ಕಣೇ. ಎಂಜಿನ್ ಎಣ್ಣೆ ಇದರೊಳಗೆ ಹರಿದು ತಣ್ಣಗಾಗುತ್ತೆ. ಅಪ್ಪನ ಹಳೇ ಬೈಕಿಗೆ ಇದೊಂದ್ ಕೂರಿಸಿದ್ರೆ ಬಿಸಿಯಾಗೋದು ನಿಲ್ಲುತ್ತೆ.”

“ಕೂರಿಸೋಕೆ ಬೈಕ್ ಬೇಡ್ವೇನ್ರೀ? ಅದನ್ನ ಮನೇಲಿ ಬಿಟ್ಟು ಮೆಕ್ಯಾನಿಕ್ ಹತ್ರ ಬಸ್ಸಲ್ಲಿ ಹೊರಟಿದೀವಲ್ಲ!”

“ದಾರೀಲಿ ಬಿಸಿಯಾಗಿ ಕೆಟ್ಟೋದ್ರೆ? ಮೊದ್ಲು ಇದನ್ನ ತೋರಿಸಿ ಕೇಳೋಣ.”

“ದಿನಾ ಬೆಳಿಗ್ಗೆ ಗೇಟೊಳಗೇ ನಿಲ್ಲಿಸ್ಕೊಂಡು ಗುಡುಗುಡು ಅನ್ನಿಸ್ತೀರ. ಗಾಳಿನೇ ತಾಗ್ದೆ ಇದ್ರೆ ಬಿಸಿಯಾಗ್ದೆ ಇರುತ್ತಾ? ರಸ್ತೆಗೆ ಇಳಿಸಿ ಅಂದ್ರೆ, ಹೂವು ಏರಿಸಿ ಕೈ ಮುಗೀತೀರ.”

“ಅಪ್ಪನ ಗಾಡಿ. ಏನಾದ್ರೂ ಆದ್ರೆ?”

“ಇವತ್ತೂ ಓಡಿಸ್ಲಿಲ್ಲ ಅಂದ್ರೆ ನಾಳೆ ಮುಕುಂದನಿಗೆ ಕೊಟ್ಬಿಡ್ತಾರಂತೆ ಅತ್ತೆ. ನೆನಪಿದ್ಯಾ?”

“ಅಯ್ಯೋ, ನನ್ನ ತಮ್ಮ ಅದನ್ನ ಮಾರ್ಬಿಡ್ತಾನೆ ಕಣೇ!”

“ಮತ್ತೆ?”

ಬಸ್ಸು ಬಂತು. ಗಂಡ ಎದ್ದರು. ಹೆಂಡತಿ ಕೂತಲ್ಲಿಂದಲೇ ಕೈ ಚಾಚಿದರು.

“ಕೀ ಕೊಡಿ ಇಲ್ಲಿ. ಮನೇಗ್ ಹೋಗಿ ಬೈಕ್ ತಗೊಂಡು ಹೊರಡೋಣ. ನಾನ್ ಓಡಿಸ್ತೀನಿ, ನೀವು ಹಿಂದೆ ಕೂತು ಚೀಲ ಹಿಡ್ಕೊಳಿ.”

“ನಿಂಗೆಲ್ಲಿ ಬರುತ್ತೆ?”

“ಮಾವನೋರು ಕಲಿಸಿದ್ರು. ಅವನಿಗೆ ಹೇಳ್ಬೇಡಮ್ಮ, ಗಾಬರಿ ಬೀಳ್ತಾನೆ ಅಂದಿದ್ರು.”

ಬಸ್ಸು ಹೊರಟುಹೋಯಿತು. ಅವರಿಬ್ಬರೂ ಗವಿಪುರದ ಮನೆ ಕಡೆ ನಡೆದರು. ಕೀ ಬೀಸುತ್ತಾ ಹೆಂಡತಿ ಮುಂದೆ, ಚೀಲ ಅವುಚಿಕೊಂಡ ಗಂಡ ಹಿಂದೆ.