ನರ ಬಿಚ್ಚಿದ ಬಿಲ್ಲು

ದೀಪ ಸಣ್ಣದು ಮಾಡ್ರಿ, ಹೇಳ್ತೀನಿ. ಹೋದ ಮಾಗಿಯಲ್ಲಿ ನನ್ನ ಸೋದರಮಾವನ ಮಗ ದ್ಯಾಮೇಶನಿಗೆ ಆದದ್ದು ಇದು. ನರಗುಂದದಲ್ಲಿ ಝೆರಾಕ್ಸ್ ಅಂಗಡಿ ಇಟ್ಟವನು. ಅರ್ಜಿ ಟೈಪು ಮಾಡಿಕೊಡುತ್ತಾನೆ, ಇಂಗ್ಲಿಷ್ ಕಾಗದ ಓದಿ ಹೇಳುತ್ತಾನೆ. ದೆವ್ವ ಅಂದರೆ ನಗುತ್ತಿದ್ದ. ಈಗ ನಗುವುದಿಲ್ಲ.

ಆ ದಿನ ಕೊಣ್ಣೂರಿಗೆ ಕಡೆಯ ಬಸ್ಸಿಗೆ ಬಂದ. ಸ್ಟ್ಯಾಂಡಿನಿಂದ ಮನೆಗೆ ಸೀನೀರ ಬಾವಿ ದಾಟಿ ನಡೆದೇ ಹೋಗಬೇಕು. ಚೀಲದಲ್ಲಿ ಒಂದು ಕಾಗದ. ಬೆಳಗಾದರೆ ಅದಕ್ಕೆ ಕಾಶೀಂಬಿಯ ಹೆಬ್ಬೆಟ್ಟು ಒತ್ತಿಸಬೇಕಿತ್ತು.

ಕಾಶೀಂಬಿ ಅಂದರೆ ಪಿಂಜಾರ ಇಮಾಮಸಾಬನ ಹೆಂಡತಿ. ಬಾವಿಯ ಮಗ್ಗುಲಲ್ಲೇ ಅವರ ಹಾಸಿಗೆ ಅಂಗಡಿ. ಒಬ್ಬನೇ ಮಗ ಆರಿಫ ಕೊಲ್ಲಿ ದೇಶದಲ್ಲಿ ಎ.ಸಿ. ರಿಪೇರಿ ಮಾಡುತ್ತಿದ್ದ. ರಜೆಗೆ ಊರಿಗೆ ಹೊರಟಿದ್ದ. ವಿಮಾನ ಏರುತ್ತಿತ್ತು... ಕೆಳಗೆ ಸಮುದ್ರದಲ್ಲಿ ದೊಡ್ಡ ದೇಶವೊಂದರ ಯುದ್ಧದ ಹಡಗು. ಶತ್ರುವಿನ ವಿಮಾನ ಮೈಮೇಲೆ ಇಳಿದು ಬರುತ್ತಿದೆ ಅಂದುಕೊಂಡರಂತೆ. ಎರಡು ಕ್ಷಿಪಣಿ ಬಿಟ್ಟರು. ಇನ್ನೂರು ಚಿಲ್ಲರೆ ಮಂದಿ ಸಮುದ್ರದ ಪಾಲು.

ಅಷ್ಟು ಯಂತ್ರ, ಅಷ್ಟು ಪರದೆ ಇಟ್ಟುಕೊಂಡು ಕೂತವರಿಗೆ ಏರುವುದು ಯಾವುದು, ಇಳಿಯುವುದು ಯಾವುದು ತಿಳಿಯಲಿಲ್ಲ. ನಮ್ಮ ಓಣಿಯ ಉಡಚವ್ವನಿಗೆ ಕಣ್ಣು ಕಾಣುವುದಿಲ್ಲ. ಆದರೂ ಕಟ್ಟೆಯ ಮೇಲೆ ಕೂತು, ಬರುತ್ತಿರುವುದು ರೋಣದ ಬಸ್ಸೋ ನರಗುಂದದ್ದೋ ಸಪ್ಪಳದಲ್ಲೇ ಹೇಳುತ್ತಾಳೆ. ಆಕೆಗೆ ಯಾರೂ ಪದಕ ಕೊಟ್ಟಿಲ್ಲ. ಆ ಹಡಗಿನ ಕಪ್ತಾನನಿಗೆ ಕೊಟ್ಟರು.

ಆರಿಫನ ಮೈ ಸಿಗಲಿಲ್ಲ. ಮಣ್ಣು ಮಾಡಲು ಒಂದು ಅಂಗಿ ಗುಂಡಿಯೂ ಬರಲಿಲ್ಲ. ಎರಡು ವರ್ಷದ ಮೇಲೆ ಪರಿಹಾರದ ಕಚೇರಿಯಿಂದ ದ್ಯಾಮೇಶನ ಅಂಗಡಿಗೆ ಈ ಕಾಗದ ಬಂತು. ನಡೆದದ್ದು ತಪ್ಪಿನಿಂದ ನಡೆಯಿತು, ಆ ತಪ್ಪು ಯಾರದೂ ಅಲ್ಲ, ಇನ್ನು ಮುಂದೆ ನಾವು ಯಾರನ್ನೂ ಏನೂ ಕೇಳುವುದಿಲ್ಲ ಅಂತ ಬರೆದಿತ್ತು. ಹೆಬ್ಬೆಟ್ಟು ಒತ್ತಿದರೆ ಪರಿಹಾರ, ಮರಣದ ದಾಖಲೆ. ಒತ್ತದಿದ್ದರೆ ಆರಿಫ ಇನ್ನೂ "ಕಾಣೆಯಾದವ". ಸಂತೆಯಲ್ಲಿ ತಪ್ಪಿಸಿಕೊಂಡ ಕೂಸಿನ ಹಾಗೆ.

ಇಮಾಮಸಾಬ ದಣಿದುಹೋಗಿದ್ದ. "ಒತ್ತಿಬಿಡು, ಮುಗೀಲಿ" ಅಂದಿದ್ದ. ಕಾಶೀಂಬಿ ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ.

ದ್ಯಾಮೇಶ ಬಾವಿಯ ಹತ್ತಿರ ಬಂದ. ಆಗ ಕೇಳಿಸಿತು.

ಢಂಯ್... ಢಂಯ್... ಟಕ್.

ಹತ್ತಿ ಹಿಂಜುವ ಬಿಲ್ಲು. ಅದಕ್ಕೆ ಬಿಗಿದ ನರದ ತಂತಿ ಮಿಡಿದರೆ ಢಂಯ್, ಮಿಡಿಯುವ ಕೊಡತಿ ಬಿಲ್ಲಿನ ಕಟ್ಟಿಗೆಗೆ ತಾಗಿದರೆ ಟಕ್.

ಅವನ ಕಾಲು ಅಲ್ಲೇ ನಿಂತವು. ಯಾಕಂದರೆ ಇಮಾಮಸಾಬನ ಮನೆಯಲ್ಲಿ ಒಂದು ರೀತಿ ಇದೆ. ಹೊತ್ತು ಮುಳುಗಿತೋ, ನರ ಸಡಿಲಿಸಿ ಬಿಲ್ಲನ್ನು ಗೋಡೆಗೆ ತೂಗುಹಾಕಬೇಕು. ಕತ್ತಲಲ್ಲಿ ಹಿಂಜುವಂತಿಲ್ಲ. ಅದೂ ಅಲ್ಲದೆ, ಸುದ್ದಿ ಬಂದ ದಿನವೇ ಕಾಶೀಂಬಿ ಆ ನರವನ್ನು ಪೂರ್ತಿ ಬಿಚ್ಚಿ, ಸುತ್ತಿ, ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದಳು. ಅಂಗಡಿ ಅಂದಿನಿಂದ ಬಂದ್.

ಢಂಯ್... ಟಕ್.

ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ದ್ಯಾಮೇಶ ಮೊಬೈಲಿನ ಬೆಳಕು ಬಿಟ್ಟ. ಬಿಲ್ಲು ಗೋಡೆಯ ಮೇಲೇ ಇತ್ತು. ನರ ಇರಲಿಲ್ಲ. ಸಪ್ಪಳ ಅದರಿಂದಲೇ ಬರುತ್ತಿತ್ತು. ಅದರ ಸಂದಿಯಲ್ಲಿ ಇನ್ನೊಂದು... ಟಪ್... ಟಪ್... ತೊಯ್ದ ಬಟ್ಟೆಯಿಂದ ನೆಲಕ್ಕೆ ಹನಿ ಬಿದ್ದಂತೆ.

"ಯಾರದು?"

"ನಾ, ದ್ಯಾಮಣ್ಣ."

ಆರಿಫನ ದನಿ.

"ಏನ್... ಏನ್ ಮಾಡಾಕತ್ತೀಯೋ?"

"ಹಾಸಿಗಿ. ಒಂದು ಸಾಲೂದಿಲ್ಲ ಅಣ್ಣಾ. ನಾವು ಭಾಳ ಮಂದಿ ಅದೀವಿ."

ದ್ಯಾಮೇಶ ಬೆಳಕನ್ನು ಮೂಲೆ ಮೂಲೆಗೆ ಹಿಡಿದ. ಯಾರೂ ಇಲ್ಲ.

"ಕೂಸುಗಳೂ ಅದಾವ. ಕೆಳಗ ಭಾಳ ತಂಪೈತಿ."

ಟಪ್... ಟಪ್... ಆಮೇಲೆ, ಇನ್ನೂ ಮೆಲ್ಲಗೆ:

"ಚೀಲದಾಗ ಏನೈತಿ ಅಣ್ಣಾ?"

ತಾನು ಓಡಲಿಲ್ಲ, ನಡೆದೇ ಮನೆಗೆ ಹೋದೆ ಅನ್ನುತ್ತಾನೆ ದ್ಯಾಮೇಶ. ಅವನ ಒಂದು ಚಪ್ಪಲಿ ಬಾವಿಯ ಹತ್ತಿರ ಸಿಕ್ಕಿತು, ಇನ್ನೊಂದು ಇವತ್ತಿಗೂ ಸಿಕ್ಕಿಲ್ಲ.

ಬೆಳಿಗ್ಗೆ ಹೋಗಿ ಎಲ್ಲ ಹೇಳಿದ. ಇಮಾಮಸಾಬ ಮುಖಕ್ಕೆ ವಸ್ತ್ರ ಹಿಡಿದು ಅತ್ತ. ಕಾಶೀಂಬಿ ಎದ್ದು ಟ್ರಂಕು ತೆಗೆದಳು. ನರ ಅವಳು ಸುತ್ತಿಟ್ಟ ಹಾಗೇ ಇತ್ತು, ಒಣಗಿ.

"ಕೂಸುಗಳು ಅದಾವಂದ್ನೇನು?"

"ಹೌದ್ ಕಾಶೀಂಬವ್ವ."

"ಎಷ್ಟು?"

"ಕೇಳಲಿಲ್ಲವ್ವಾ. ಜೀವ ಬಾಯಿಗೆ ಬಂದಿತ್ತು."

"ಮಂದಿ ಕಾಗದ ಎಲ್ಲಾ ಓದ್ತಿ, ಇಷ್ಟು ಕೇಳಾಕ ಬಾಯಿ ಬರಲಿಲ್ಲೇನೋ ಹುಚ್ಚಪ್ಯಾಲಿ!"

ದ್ಯಾಮೇಶ ಶಾಯಿಯ ಡಬ್ಬಿ ಮುಂದಿಟ್ಟ. ಅವಳು ಅದನ್ನು ಕಾಲಿನಿಂದ ಸರಿಸಿದಳು.

"ತಪ್ಪಿನಿಂದ ಆತು ಅಂತ ಬರದಾರಲ್ಲಾ? ಸಾರಿಗೆ ಉಪ್ಪು ಹೆಚ್ಚಾದ್ರ ಅದು ತಪ್ಪು. ನಾ ಮಾಡೀನಿ ಅಂತ ಒಪ್ಕೊಂತೀನಿ, ಇವರ ಕಡೆ ಬೈಸ್ಕೊಂತೀನಿ. ಇನ್ನೂರು ಮಂದೀನ ಸುಟ್ಟು, ಯಾರೂ ಮಾಡಿಲ್ಲ ಅಂತ ನನ್ನ ಕೈಲೆ ಬರಸ್ಕೊಳ್ಳಾಕ ಬಂದಾರ? ನನ್ನ ಹೆಬ್ಬೆಟ್ಟು ಅವರು ಕೈ ಒರಸ್ಕೊಳ್ಳೂ ಅರಿವಿ ಏನು?"

ಇಮಾಮಸಾಬ ಏನೋ ಅನ್ನಹೋದ.

"ನೀವು ಬಿಲ್ಲ ಇಳಸ್ರಿ ಮೊದಲ" ಅಂದಳು. "ಹುಡುಗ ಒಬ್ಬನ ಎಷ್ಟಂತ ಹಿಂಜ್ಯಾನು?"

ತಾನೇ ನರ ಕಟ್ಟಿಕೊಟ್ಟಳು. ಎರಡು ವರ್ಷದ ಮೇಲೆ ಆ ಅಂಗಡಿಯಲ್ಲಿ ಹತ್ತಿ ಹಾರಿತು. ಹೊತ್ತು ಮುಳುಗುವುದರೊಳಗೆ ಒಂದು ಹಾಸಿಗೆ ಆಯಿತು, ಕೂಸುಗಳ ಅಳತೆಯದು. ರೀತಿಯ ಪ್ರಕಾರ ನರ ಸಡಿಲಿಸಿದರು, ಹಾಸಿಗೆಯನ್ನು ನೆಲಕ್ಕೆ ಹಾಸಿದರು, ಬಾಗಿಲಿಗೆ ಕೀಲಿ ಹಾಕಿದರು. ಕಾಗದ ಟ್ರಂಕಿನಲ್ಲಿ ಬಿದ್ದಿದೆ, ನರ ಇದ್ದ ಜಾಗದಲ್ಲಿ. ಹೆಬ್ಬೆಟ್ಟಿನ ಚೌಕ ಇನ್ನೂ ಬಿಳಿಯಾಗೇ ಇದೆ. ಕಚೇರಿಯಿಂದ ಮೂರು ಸಲ ಫೋನು ಬಂತು. ಮೂರೂ ಸಲ ಕಾಶೀಂಬಿ ಕೇಳಿದ್ದು ಒಂದೇ ಮಾತು. "ಕೂಸು ಎಷ್ಟಿದ್ದವು, ಹೇಳ್ರಿ ಮೊದಲ." ಅವರು ನೋಡಿ ಹೇಳ್ತೀವಿ ಅಂದರು. ಇನ್ನೂ ನೋಡುತ್ತಿದ್ದಾರೆ.

ಈಗಲೂ ದಿನಾ ರಾತ್ರಿ ಆ ಹಾಸಿಗೆ ಹಾಸುತ್ತಾರೆ. ದಿನಾ ಬೆಳಿಗ್ಗೆ ಬಿಸಿಲಿಗೆ ಹಾಕುತ್ತಾರೆ.

ನಗಬ್ಯಾಡ್ರಿ. ಹೋದ ಸೋಮವಾರ ನಾನೇ ಹೋಗಿದ್ದೆ. ಕೀಲಿ ನನ್ನ ಕೈಯಾರೆ ತೆಗೆದೆ. ನೆಲ ಒಣಗಿತ್ತು, ಮಾಳಿಗೆ ಸೋರಿರಲಿಲ್ಲ. ಹಾಸಿಗೆ ತೊಯ್ದು ತೊಪ್ಪೆಯಾಗಿತ್ತು. ಅಂಚಿಗೆ ಬಿಳೀ ಗೆರೆ. ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟೆ. ನಮ್ಮ ಹೊಲದ ಸವಳು ಮಣ್ಣಿನ ರುಚಿ ನನಗೆ ಗೊತ್ತು, ಅದು ಕಹಿ ಇರುತ್ತದೆ. ಇದು ಬರೇ ಉಪ್ಪು.

ಹಾಸಿಗೆಯ ನಡುವೆ ಮಲಗಿ ಎದ್ದಂಥ ಗುಳಿ ಇದ್ದವು. ಎರಡು. ಒಂದಕ್ಕೊಂದು ಒತ್ತಿಕೊಂಡು.

ಖರೇ ಹೇಳ್ತೀನಿ, ಮೊಳ ಹಾಕಿ ನೋಡೀನಿ. ದೊಡ್ಡದು ಎರಡು ಮೊಳ. ಸಣ್ಣದು ಒಂದೂವರೆಯೂ ಇಲ್ಲ.