ಗಾರೆಯ ಮುಖ ಒಣಗಬಾರದು

ಇದು ನಡೆದದ್ದು ನಮ್ಮ ಚುಂಚನಕಟ್ಟೆಯಲ್ಲೇ, ಪಕ್ಕದ ಮನೆಯ ಮಂಟಯ್ಯನಿಗೆ. ರಾತ್ರಿ ಒಂಬತ್ತು ದಾಟಿತ್ತು. ಅಂಗಡಿ ಬೀದಿಯಲ್ಲಿ ಹರಟೆ ಮುಗಿಸಿ, ಆಲದ ಮರದ ಬಾವಿ ದಾಟಿ ಮನೆಗೆ ಬರುತ್ತಿದ್ದ. ಬಾವಿಯೊಳಗೆ ಒಂದು ಹನಿ ಬಿತ್ತು... ತೊಟ್. ಅವನು ಗಕ್ಕನೆ ನಿಂತ. ಗಾರೆಯ ಮುಖಕ್ಕೆ ನೀರು ಹಾಕುವುದನ್ನೇ ಮರೆತಿದ್ದ.

ಹೊಳೆದಂಡೆಯ ಬಿಸಿನೀರಿನ ಬಂಗಲೆ ಇದೆಯಲ್ಲ, ವಾತದವರು ಎಣ್ಣೆ ತಿಕ್ಕಿಸಿಕೊಂಡು ಮೀಯುತ್ತಿದ್ದ ಅರಸರ ಕಾಲದ ಕಟ್ಟಡ... ಅದರ ಮುಂಭಾಗವನ್ನು ಮೊದಲಿನಂತೆ ಮಾಡುವ ಗಾರೆ ಕೆಲಸ ಮಂಟಯ್ಯನದು. ಬಾಗಿಲ ಎರಡೂ ಪಕ್ಕಕ್ಕೆ ಒಂದೊಂದು ಹೆಣ್ಣಿನ ಮುಖ. ಬಲಗಡೆಯದು ಉದುರಿಹೋಗಿತ್ತು, ಹೇಗಿತ್ತೆಂದು ಹೇಳುವವರಿರಲಿಲ್ಲ. ಬದುಕಿರುವವರ ಮುಖವನ್ನು ಗಾರೆಯಲ್ಲಿ ಮೂಡಿಸಬಾರದು ಎಂದು ಅಪ್ಪ ಕಲಿಸಿದ್ದ. ಗೊತ್ತಿದ್ದೂ ಇವನು ಹೆಂಡತಿ ಚಿಕ್ಕಮಾದಮ್ಮನ ಮುಖವನ್ನೇ ಮೂಡಿಸಿಬಿಟ್ಟ. ಆಸೆ, ಇನ್ನೇನು. ಹಸಿ ಗಾರೆಗೆ ದಿನಾ ಸಂಜೆ ನೀರು ಚಿಮುಕಿಸದಿದ್ದರೆ ಬಿರಿಯುತ್ತದೆ.

ಬಂಗಲೆಗೆ ತಿರುಗಿ ಹೋಗಿ, ಅಲ್ಲಿಟ್ಟಿದ್ದ ಚೊಂಬನ್ನು ಕೈಗೆತ್ತಿಕೊಂಡ. ಬಾಗಿಲಿಗೆ ಬೀಗ. ಒಳಗಿನ ತೊಟ್ಟಿಯಲ್ಲಿ ಹನಿ ನೀರಿಲ್ಲ... ಆದರೂ ಯಾರೋ ಮೊಗೆದು ಮೊಗೆದು ಹುಯ್ದುಕೊಳ್ಳುತ್ತಿದ್ದಾರೆ. ಜಳ್... ಜಳ್... ಆಮೇಲೆ ಮೇಲಿನಿಂದ, ಮುಖವಿದ್ದ ಕಡೆಯಿಂದ, ಸಣ್ಣ ದನಿ.

"ಮುಖ ಉರೀತದೆ ಕಣ್ರೀ... ಒಸಿ ನೀರಾಕ್ರಿ."

ಹೆಂಡತಿಯದೇ ದನಿ. ಕೈಯಲ್ಲಿದ್ದ ಚೊಂಬು ಠಣ್ಣೆಂದು ಬಿತ್ತು. ಮಂಟಯ್ಯ ಓಡಿದ.

ಮನೆಯಲ್ಲಿ ಚಿಕ್ಕಮಾದಮ್ಮ ಹೊಸಿಲ ಮೇಲೆ ಕೂತಿದ್ದಳು. "ಮುಖ ಉರೀತದೆ ಕಣ್ರೀ," ಎಂದು ಪಿಸುಗುಟ್ಟಿದಳು. "ಒಸಿ ನೀರಾಕ್ರಿ."

ಬಲ್ಬಿನ ಕೆಳಗೆ ನೋಡಿದ. ಕಣ್ಣಂಚಿನಿಂದ ತುಟಿಯವರೆಗೆ ಕೂದಲೆಳೆಯಂಥ ಬಿರುಕು. ರಕ್ತವಿಲ್ಲ. ಎಷ್ಟು ನೀರು ಹಾಕಿದರೂ ಬಿರುಕು ಕತ್ತಿನ ಕಡೆ ಇಳಿಯುತ್ತಲೇ ಇತ್ತು. ಚಿರ್... ಚಿರ್... ಒಣಗಿದ ಗಾರೆ ಬಿರಿಯುವ ಸದ್ದು.

"ಇಲ್ಲೇ ಇರು. ಬತ್ತೀನಿ," ಎಂದ. ಹೋಗದೆ ವಿಧಿಯಿರಲಿಲ್ಲ. ಕೊಡ ಹೊತ್ತು ಬಂಗಲೆಗೆ ಹೋಗಿ, ಕಣ್ಣು ಮುಚ್ಚಿಕೊಂಡೇ ಏಣಿ ಹತ್ತಿ, ಗಾರೆಯ ಮುಖಕ್ಕೆ ಬೆಳಗಿನವರೆಗೂ ನೀರು ಹಾಕಿದ. ಮನೆಗೆ ಬಂದಾಗ ಅವಳು ನಿದ್ದೆಯಲ್ಲಿದ್ದಳು. ಕೆನ್ನೆ ನುಣ್ಣಗಿತ್ತು.

ಕೆಲಸ ಮುಗಿದು ವರ್ಷವಾಯಿತು. ಈಗಲೂ ದಿನಾ ಸಂಜೆ ಹೋಗಿ, ಅಲ್ಲೇ ಇಟ್ಟಿರುವ ಚೊಂಬಿನಲ್ಲಿ ನೀರು ಹಾಕಿ ಬರುತ್ತಾನೆ. ಹೋದ ತಿಂಗಳು ಸಾಲಿಗ್ರಾಮದಲ್ಲಿ ಕೊನೇ ಬಸ್ಸು ತಪ್ಪಿತು. ಬೆಳಗ್ಗೆ ಅಳುತ್ತಲೇ ಓಡಿಬಂದ. ಚಿಕ್ಕಮಾದಮ್ಮ ಒಲೆ ಹಚ್ಚುತ್ತಿದ್ದಳು, ಏನೂ ಆಗಿರಲಿಲ್ಲ. ಅವನೂ ನಾನೂ ಬಂಗಲೆಗೆ ಹೋದೆವು. ಮುಖ ತೊಯ್ದಿತ್ತು. ಕೆಳಗೆ ಚೊಂಬು ಮಗುಚಿಟ್ಟಿತ್ತು, ಅದರ ಕಂಠದಲ್ಲಿ ಹಸಿ ಸುಣ್ಣದ ಐದು ಬೆರಳ ಗುರುತು. ಯಾರೋ ಹೇಳಿದ್ದಲ್ಲ, ಈ ಕೈಯಲ್ಲೇ ಮುಟ್ಟಿದ್ದೀನಿ. ಸುಣ್ಣ ಇನ್ನೂ ಬೆಚ್ಚಗಿತ್ತು.